ವರ್ಮಾಂಟ್ ಚಳಿಗೆ ಕಟ್ಟಿಗೆ ಒಲೆಯೊಂದೇ ಸಾಕಾಗುತ್ತಾ?

ಅಮೆರಿಕದ ವರ್ಮಾಂಟ್‌ ರಾಜ್ಯದಲ್ಲಿ ಹಳೇ ಮನೆ ಕೊಂಡಿದ್ದೇವೆ, ಹಾಲ್‌ನಲ್ಲಿ ಕಟ್ಟಿಗೆ ಒಲೆ ಇದೆ, ಮನೆ ಬಿಸಿ ಮಾಡುವ ಫರ್ನೇಸ್‌ನ ಎಣ್ಣೆ ಖರ್ಚು ಉಳಿಸಿ ಅದರಲ್ಲೇ ಚಳಿಗಾಲ ಕಳೆಯಬಹುದಾ, ಇಲ್ಲಾ ಹೊಸ ಒಲೆ ತರಬೇಕಾ ಅಂತ ಕೇಳಿದ್ದೀರಿ. ಕಳೆಯಬಹುದು. ನಾವು ಹಾಗೆ 9 ಚಳಿಗಾಲ ಕಳೆದಿದ್ದೇವೆ. ಹೊಸ ಒಲೆಯ ಮಾತು ಆಮೇಲೆ. ಮೊದಲು ನಿಮ್ಮ ಹತ್ತಿರ ಒಣ ಕಟ್ಟಿಗೆ ಇದೆಯಾ ನೋಡಿ.

ನಾನು ತೀರ್ಥಹಳ್ಳಿ ಕಡೆಯವಳು. ಬಚ್ಚಲೊಲೆಗೆ ಸೌದೆ ಹಾಕುತ್ತಾ ಬೆಳೆದವಳು. ಮಳೆಗಾಲದಲ್ಲಿ ಸೌದೆ ಸ್ವಲ್ಪ ಹಸಿ ಇದ್ದರೂ ಊದುಗೊಳವೆ ಹಿಡಿದು ಉರಿಸಿಬಿಡುತ್ತಿದ್ದೆವು. ಹೊಗೆ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಇಲ್ಲಿನದು ಬಾಗಿಲು ಮುಚ್ಚಿದ ಕಬ್ಬಿಣದ ಒಲೆ. ಹೊಗೆ ಉದ್ದದ ಚಿಮಣಿ ಹತ್ತಿ ಹೋಗಬೇಕು, ಹೊರಗೆ ಮೈನಸ್ 20 ಡಿಗ್ರಿ. ಲೆಕ್ಕವೇ ಬೇರೆ.

ಮೊದಲ ವರ್ಷ ಅಕ್ಟೋಬರ್‌ನಲ್ಲಿ ಒಬ್ಬರ ಹತ್ತಿರ ಕಟ್ಟಿಗೆ ತರಿಸಿದೆವು. ಚೆನ್ನಾಗಿ ಒಣಗಿದೆ ಅಂದಿದ್ದರು, ನಂಬಿದೆವು. ಒಲೆಗೆ ಹಾಕಿದರೆ ಸುಯ್ ಅಂತ ಸದ್ದು, ತುದಿಯಲ್ಲಿ ನೀರು ಜಿನುಗುತ್ತಿತ್ತು. ಒಲೆಯ ಗಾಜು ಎರಡೇ ದಿನಕ್ಕೆ ಕಪ್ಪು. ಎಷ್ಟು ಸುಟ್ಟರೂ ಮನೆ ಬಿಸಿಯಾಗಲಿಲ್ಲ. ಜನವರಿಯಲ್ಲಿ ಚಿಮಣಿ ಗುಡಿಸುವವರನ್ನು ಕರೆಸಿದೆವು. ಒಳಗೆ ಟಾರು ಬಳಿದ ಹಾಗೆ ಹೊಳೆಯುವ ಕರಿ ಅಂಟು. ಅದೇ ಕ್ರಿಯೋಸೋಟ್. ಅದಕ್ಕೆ ಕಿಡಿ ತಾಗಿದರೆ ಚಿಮಣಿಯೊಳಗೇ ಬೆಂಕಿ ಹೊತ್ತಿಕೊಳ್ಳುತ್ತದೆ, ಮನೆಯೇ ಹೋಗಬಹುದು. ಮಕ್ಕಳು ಮೇಲಿನ ರೂಮಿನಲ್ಲಿ, ಆ ಚಿಮಣಿಯ ಪಕ್ಕದಲ್ಲೇ ಮಲಗುತ್ತಿದ್ದರು. ಅವತ್ತಿನ ಹೆದರಿಕೆ ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬೆಂಕಿಯ ಶಕ್ತಿಯೆಲ್ಲ ಮೊದಲು ಆ ನೀರನ್ನು ಆವಿ ಮಾಡುವುದಕ್ಕೆ ಹೋಗುತ್ತದೆ. ಒಲೆ ಕಾಯುವುದಿಲ್ಲ, ಹೊಗೆ ಪೂರ್ತಿ ಉರಿಯುವುದಿಲ್ಲ. ಉರಿಯದ ಹೊಗೆ ತಣ್ಣನೆ ಚಿಮಣಿಗೆ ತಾಗಿ ಅಂಟಾಗಿ ಕೂರುತ್ತದೆ. ಅದೇ ಒಣ ಕಟ್ಟಿಗೆಯಾದರೆ ಒಲೆ ಚೆನ್ನಾಗಿ ಕಾದು ಹೊಗೆಯೂ ಉರಿಯುತ್ತದೆ. ಹೊಸ ಮಾದರಿ ಒಲೆಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೇಲ್ಗಡೆ ತೂತುಗಳಿರುವ ಕೊಳವೆಗಳಿಂದ ಬಿಸಿ ಗಾಳಿ ಬರುತ್ತದೆ, ಅಲ್ಲಿ ಹೊಗೆಗೇ ಬೆಂಕಿ ಹತ್ತಿ ನಿಧಾನಕ್ಕೆ ಆಡುತ್ತಿರುತ್ತದೆ. ನೋಡುತ್ತಾ ಕೂತರೆ ಏಳಲು ಮನಸ್ಸು ಬರಲ್ಲ.

ಹಾಗಾಗಿ ಕಟ್ಟಿಗೆಯಲ್ಲಿ ಎಷ್ಟು ನೀರಿನಂಶ ಇದೆ ಅಂತ ತೋರಿಸುವ ಒಂದು ಮಾಯಿಶ್ಚರ್ ಮೀಟರ್ ತಗೊಳ್ಳಿ, ಜಾಸ್ತಿ ಬೆಲೆಯೇನಲ್ಲ. ಸೌದೆಯನ್ನು ಆಗ ತಾನೇ ಸೀಳಿ ಒಳಮೈಗೆ ಚುಚ್ಚಿ ನೋಡಿ. ಹೊರಮೈ ಯಾವಾಗಲೂ ಒಣಗಿದ ಹಾಗೇ ತೋರಿಸುತ್ತದೆ. 20 ಪರ್ಸೆಂಟ್‌ಗಿಂತ ಕಡಿಮೆ ಇರಬೇಕು. ಮೇಪಲ್, ಬೀಚ್ ಸೀಳಿದ ಮೇಲೂ ಒಂದು ವರ್ಷವಾದರೂ ಒಣಗಬೇಕು, ಓಕ್‌ಗೆ ಎರಡು ವರ್ಷ ಬೇಕು. ಈ ಚಳಿಗಾಲಕ್ಕೆ ಬಿಸಿ ಗೂಡಿನಲ್ಲಿ (ಕಿಲ್ನ್) ಒಣಗಿಸಿದ ಕಟ್ಟಿಗೆ ತರಿಸಿ, ದುಬಾರಿಯಾದರೂ ಪರವಾಗಿಲ್ಲ. ಜೊತೆಗೇ ಮುಂದಿನ ವರ್ಷದ್ದಕ್ಕೆ ಹಸಿ ಕಟ್ಟಿಗೆ ಈಗಲೇ ತರಿಸಿ ಒಟ್ಟಿಡಿ. ನೆಲಕ್ಕೆ ತಾಗದ ಹಾಗೆ ಪೇರಿಸಿ, ಮೇಲೆ ಮಾತ್ರ ಹೊದಿಸಿ. ಪಕ್ಕಗಳಲ್ಲಿ ಗಾಳಿ ಆಡಬೇಕು. ಬೇರೆ ರಾಜ್ಯದಿಂದ ಮಾತ್ರ ಶಾಖದಲ್ಲಿ ಸಂಸ್ಕರಿಸದ ಕಟ್ಟಿಗೆ ತರಬೇಡಿ, ಮರ ಕೊಲ್ಲುವ ಹುಳು ಅದರ ಜೊತೆ ಬರುತ್ತದೆ ಅಂತ ಇಲ್ಲಿ ಅದಕ್ಕೆ ನಿಷೇಧವಿದೆ. ಆಶ್ ಮರ ತಿನ್ನುವ ಹುಳು 2018ರಲ್ಲಿ ವರ್ಮಾಂಟ್‌ಗೂ ಬಂತು.

ಎಷ್ಟು ಬೇಕು ಅನ್ನುವುದು ಮನೆ ಮೇಲೆ. ನಮ್ಮದು 1,600 ಚದರ ಅಡಿ, ವರ್ಷಕ್ಕೆ ಸುಮಾರು 4 ಕಾರ್ಡ್ ಆಗುತ್ತದೆ. ಒಂದು ಕಾರ್ಡ್ ಅಂದರೆ 8 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರದ ರಾಶಿ, 128 ಘನ ಅಡಿ. ‘ಫೇಸ್ ಕಾರ್ಡ್’ ಅಂದರೆ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ, ಕೇಳಿಯೇ ದುಡ್ಡು ಕೊಡಿ.

ಬೆಂಕಿ ಹಚ್ಚುವುದು ನಮ್ಮೂರಿನ ರೀತಿಗೆ ಉಲ್ಟಾ. ದಪ್ಪ ಸೌದೆ ಕೆಳಗೆ, ಪುಳ್ಳೆ ಚಕ್ಕೆ ಮೇಲೆ ಇಟ್ಟು ಮೇಲಿನಿಂದ ಹಚ್ಚಿ. ಹೊಗೆ ಕಡಿಮೆ. ರಾತ್ರಿ ಪೂರ್ತಿ ಉರಿಯಲಿ ಅಂತ ತುಂಬಿ, ಕೂಡಲೇ ಒಲೆಗೆ ಗಾಳಿ ಬಿಡುವ ಲಿವರ್ ಮುಚ್ಚಬೇಡಿ. ಚೆನ್ನಾಗಿ ಹೊತ್ತಿದ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿ. ಬೂದಿಯನ್ನು ಮುಚ್ಚಳದ ಲೋಹದ ಬಕೆಟ್‌ನಲ್ಲಿ ಹಾಕಿ, ಮರದ ಡೆಕ್ ಮೇಲಲ್ಲ, ಹೊರಗೆ ನೆಲದ ಮೇಲಿಡಿ. ಬೂದಿಯೊಳಗಿನ ಕೆಂಡ ದಿನಗಟ್ಟಲೆ ಆರುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ (ವಾಸನೆಯಿಲ್ಲದ ವಿಷಾನಿಲ) ಅಲಾರಂ ಇಲ್ಲದೆ ಒಂದು ರಾತ್ರಿಯೂ ಉರಿಸಬೇಡಿ. ಚಿಮಣಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಈ ಸಲವಂತೂ ಮೊದಲ ಬೆಂಕಿಗೆ ಮುಂಚೆಯೇ ಮಾಡಿಸಿ, ಹಳೇ ಮಾಲೀಕರು ಏನು ಸುಟ್ಟಿದ್ದರೋ ಗೊತ್ತಿಲ್ಲ ಅಲ್ವಾ.

ಎಣ್ಣೆ ಫರ್ನೇಸ್ ಪೂರ್ತಿ ಆರಿಸಬೇಡಿ. ಬಿಸಿ ನೋಡಿಕೊಂಡು ಫರ್ನೇಸ್ ಓಡಿಸುವ ಥರ್ಮೋಸ್ಟಾಟ್ ಒಲೆ ಇರುವ ಹಾಲ್‌ನಲ್ಲೇ ಇದ್ದರೆ ಮನೆಯೆಲ್ಲ ಬೆಚ್ಚಗಿದೆ ಅಂದುಕೊಂಡು ಫರ್ನೇಸ್ ಓಡುವುದೇ ಇಲ್ಲ, ಬೇಸ್‌ಮೆಂಟ್‌ನ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ತುಂಬಾ ಚಳಿಯ ರಾತ್ರಿಗಳಲ್ಲಿ ಫರ್ನೇಸನ್ನೂ ಸ್ವಲ್ಪ ಹೊತ್ತು ಓಡಿಸಿ. ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರಾದರೆ ಒಲೆಗೆ ಸೌದೆ ಹಾಕುವವರು ಯಾರೂ ಇರುವುದಿಲ್ಲ. ಫರ್ನೇಸ್ 55 ಫ್ಯಾರನ್‌ಹೀಟ್‌ಗೆ ಇಟ್ಟು, ಎಣ್ಣೆ ಟ್ಯಾಂಕ್ ತುಂಬಿಸಿ, ಅಕ್ಕಪಕ್ಕದವರಿಗೆ ಒಂದು ಕೀ ಕೊಟ್ಟು ಹೋಗಿ.