ಅಬ್ಲೇಶನ್ ಆಗಿ ಐದು ವಾರ, ಎಕೋದಲ್ಲಿ ಇ.ಎಫ್. ಇನ್ನೂ 40

ಶಿರಸಿಯ ನಿಮ್ಮ ತಂದೆಯವರಿಗೆ ಏಟ್ರಿಯಲ್ ಫಿಬ್ರಿಲೇಶನ್‌ಗೆ (ಹೃದಯದ ಲಯ ತಪ್ಪುವ ಕಾಯಿಲೆ) ಕ್ಯಾಥೆಟರ್ ಅಬ್ಲೇಶನ್ (ರಕ್ತನಾಳದ ಮೂಲಕ ಕೊಳವೆ ತೂರಿಸಿ, ಲಯ ಕೆಡಿಸುವ ಜಾಗವನ್ನು ನಿಷ್ಕ್ರಿಯಗೊಳಿಸುವ ಚಿಕಿತ್ಸೆ) ಆಗಿ ಐದು ವಾರವಾದರೂ ಇ.ಎಫ್. (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾವಾರು ಪಾಲು) 40ರಲ್ಲೇ ನಿಂತಿರುವುದಕ್ಕೆ ಬಹುಮಟ್ಟಿಗೆ ಎಕೋವನ್ನು (ಹೃದಯದ ಸ್ಕ್ಯಾನ್) ಬೇಗ ಮಾಡಿಸಿದ್ದೇ ಕಾರಣ. ಚಿಕಿತ್ಸೆ ವಿಫಲವಾಯಿತೆಂದು ಇದರಿಂದ ಹೇಳಲಾಗದು. ತಿಂಗಳುಗಟ್ಟಲೆ ಲಯ ತಪ್ಪಿ ವೇಗವಾಗಿ ಬಡಿದು ದಣಿದ ಹೃದಯಸ್ನಾಯು ಲಯ ಸರಿಹೋದ ಮೇಲೆ ನಿಧಾನವಾಗಿ ಬಲ ಪಡೆಯುತ್ತದೆ. ಕಾರವಾರದಲ್ಲಿರುವ ನಮ್ಮ ತಾಯಿಯವರ ಇ.ಎಫ್. 38ರಿಂದ 52ಕ್ಕೆ ಏರಿದ್ದು ಆರನೇ ತಿಂಗಳ ಎಕೋದಲ್ಲಿ. ಹಳೆಯ ಹೃದಯಾಘಾತದ ಕಲೆಯಿದ್ದರೆ ಅಷ್ಟು ಏರದಿರಬಹುದು. ಎಷ್ಟು ಏರುತ್ತದೆಂದು ಈಗಲೇ ಯಾರೂ ಖಚಿತವಾಗಿ ಹೇಳಲಾರರು.

ಮೊದಲಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ. ದಿನವೂ ಬೆಳಿಗ್ಗೆ ಚಹಾಕ್ಕೆ ಮೊದಲು ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ, ತೂಕದೊಂದಿಗೆ ಪಟ್ಟಿಯಲ್ಲಿ ಬರೆದಿಡಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಡುವೆ ತಪ್ಪಿದ ಬಡಿತ ಗಮನಕ್ಕೆ ಬಾರದು. ಎದೆ ಡವಗುಟ್ಟುವಾಗಲೇ ಹತ್ತಿರದಲ್ಲಿ ಇ.ಸಿ.ಜಿ. ತೆಗೆಸಿ, ಅದನ್ನು ವೈದ್ಯರಿಗೆ ಕಳುಹಿಸಿ. ಮೊದಲ ಎರಡು ಮೂರು ತಿಂಗಳು ಹೀಗಾಗುವುದು ಸಾಮಾನ್ಯ.

ಎರಡು ಮೂರು ದಿನಗಳಲ್ಲಿ 2 ಕಿಲೋ ತೂಕ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ಅದೇ ದಿನ ವೈದ್ಯರನ್ನು ಕಾಣಿ. ಜ್ವರದೊಂದಿಗೆ ನುಂಗುವಾಗ ನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಿ. ಘಟ್ಟ ಇಳಿದರೂ ಹುಬ್ಬಳ್ಳಿಗೆ ಹೋದರೂ ದಾರಿಗೇ ತಾಸುಗಟ್ಟಲೆ ಬೇಕು. ಆಸ್ಪತ್ರೆ ತಲುಪಿದೊಡನೆ, ಅಬ್ಲೇಶನ್ ಆಗಿರುವುದನ್ನು ಮೊದಲ ಮಾತಿನಲ್ಲೇ ತಿಳಿಸಿ, ಏಕೆಂದರೆ ಅಬ್ಲೇಶನ್‌ನಿಂದ ಅನ್ನನಾಳಕ್ಕೆ ಪೆಟ್ಟಾಗಿರುವ ಶಂಕೆಯಿದ್ದರೆ ಎಂಡೋಸ್ಕೋಪಿಯಿಂದ ಅಪಾಯವಿದ್ದು, ಸಿ.ಟಿ. ಸ್ಕ್ಯಾನ್ ಮೊದಲು ಆಗಬೇಕು. ಇವು ಯಾವುವೂ ಇಲ್ಲದಿದ್ದರೆ ಮುಂದಿನ ಎಕೋವನ್ನು ಮೂರರಿಂದ ಆರು ತಿಂಗಳ ನಡುವೆ, ಸಾಧ್ಯವಾದರೆ ಹಿಂದೆ ಮಾಡಿಸಿದ ಕೇಂದ್ರದಲ್ಲೇ ಮಾಡಿಸಿ.