ಮಳೆಗಾಲದಲ್ಲಿ ಮಂಗಳೂರಿನ ಕಡಲು ಕೆಂಪಾಗುವುದೇಕೆ, ಆ ಮಣ್ಣು ಕೊನೆಗೆ ಎಲ್ಲಿಗೆ ಹೋಗುತ್ತದೆ?

ಆ ಬಣ್ಣ ಮುಖ್ಯವಾಗಿ ನೇತ್ರಾವತಿ ಮತ್ತು ಗುರುಪುರ ನದಿಗಳು ಮುರಕಲ್ಲಿನ (ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲಿನ) ನೆಲದಿಂದ ತೊಳೆದು ತರುವ ಜೇಡಿಯದು. ಅದರ ಕೆಂಪಿಗೆ ಕಬ್ಬಿಣದ ಆಕ್ಸೈಡ್ ಕಾರಣ. ಜೊತೆಗೆ ರೇವೆ (ಮರಳಿಗಿಂತ ನಯವಾದ ಮಣ್ಣು), ಕೊಳೆತ ಎಲೆಯ ಚೂರು ಮತ್ತು ಸೂಕ್ಷ್ಮ ಪಾಚಿಗಳೂ ತೇಲುತ್ತಿರುತ್ತವೆ.

ಅಳಿವೆಯ, ಅಂದರೆ ನದಿ ಕಡಲು ಸೇರುವ ಜಾಗದ, ನೀರನ್ನು ಗಾಜಿನ ಲೋಟದಲ್ಲಿ ಹಿಡಿದಿಟ್ಟು ನೋಡಿ: ಮರಳು ಕ್ಷಣಗಳಲ್ಲಿ ತಳ ಸೇರುತ್ತದೆ, ಮಬ್ಬು ಮಾತ್ರ ಗಂಟೆಗಟ್ಟಲೆ ಉಳಿಯುತ್ತದೆ. 2 ಮೈಕ್ರೋಮೀಟರ್ ಗಾತ್ರದ ಒಂಟಿ ಕಣ ನಿಶ್ಚಲ ನೀರಿನಲ್ಲಿ ದಿನಕ್ಕೆ ಇಳಿಯುವುದು ಸುಮಾರು 30 ಸೆಂಟಿಮೀಟರ್ ಮಾತ್ರ. ಆದರೆ ಸಿಹಿನೀರು ಉಪ್ಪುನೀರನ್ನು ಸೇರುವಲ್ಲಿ, ಕಣಗಳನ್ನು ಪರಸ್ಪರ ದೂರವಿಟ್ಟಿದ್ದ ಋಣ ವಿದ್ಯುದಂಶದ ಪ್ರಭಾವವನ್ನು ಲವಣದ ಅಯಾನುಗಳು ಕುಗ್ಗಿಸುವುದರಿಂದ, ಅವು ಒಂದಕ್ಕೊಂದು ಅಂಟಿ ಹತ್ತಿಯ ಎಳೆಗಳಂಥ ಗಂಟುಗಳಾಗಿ ಬೇಗ ಕೆಳಗಿಳಿಯುತ್ತವೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯ ತಿರುಳು ಇದೇ. ಅಳಿವೆಗಳಲ್ಲಿ ಹೂಳು ತುಂಬುವುದಕ್ಕೂ ಇದು ದೊಡ್ಡ ಕಾರಣ.

ಹಾಗೆ ಇಳಿದದ್ದು ಅಲ್ಲೇ ನಿಲ್ಲುವುದಿಲ್ಲ. ಮುಂಗಾರಿನ ಅಲೆಗಳು ಆಳವಿಲ್ಲದ ತಳವನ್ನು ಕಲಕಿ ಅದನ್ನು ಮತ್ತೆ ಮೇಲೆಬ್ಬಿಸುತ್ತವೆ, ಕಡಲಿನ ಇಳಿತದ ಸೆಳೆತ ಹೊರಕ್ಕೆ ಒಯ್ಯುತ್ತದೆ, ಆ ಋತುವಿನಲ್ಲಿ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಹರಿಯುವ ಪ್ರವಾಹ ಕೇರಳದ ಕಡೆಗೆ ಸಾಗಿಸುತ್ತದೆ. ಮಳೆ ಮುಗಿದು ಅಲೆಗಳು ತಗ್ಗಿದ ಮೇಲೆ ನೀರು ಕ್ರಮೇಣ ತಿಳಿಯಾಗುತ್ತದೆ.