ಟೈಮ್‌ಔಟ್ 10 ಅಂದರೆ ಹತ್ತು ಸೆಕೆಂಡ್ ಅಲ್ಲ

ನನಗೆ ಬರುವ ಪತ್ರಗಳಲ್ಲಿ ಬಗ್ ಯಾವುದೇ ಇರಲಿ, ಕೊನೆಯ ಸಾಲು ಮಾತ್ರ ಒಂದೇ: ‘ಡಾಕ್ಯುಮೆಂಟೇಶನ್‌ನಲ್ಲಿ ಹಾಗೆ ಬರೆದಿಲ್ಲವಲ್ಲ ಸಾರ್.’ ಬರೆದಿಲ್ಲ, ನಿಜ. ಬರೆಯದೆ ಬಿಟ್ಟಿದ್ದನ್ನು ನೀವೇ ಊಹಿಸಿಕೊಂಡಿದ್ದೂ ನಿಜ. ಇದೇ ದೂರು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಒಂದು ಪ್ರಶ್ನೆಗೆ ಉದ್ದ ಉತ್ತರ ಕೊಟ್ಟು, ಉಳಿದವನ್ನು ಬೇಗ ಮುಗಿಸುತ್ತೇನೆ.

ಪ್ರಶ್ನೆ: ಪೈಥಾನ್ ಭಾಷೆಯಲ್ಲಿ ವೆಬ್ ಸರ್ವರ್‌ಗಳ ಜೊತೆ ಮಾತಾಡುವ ರಿಕ್ವೆಸ್ಟ್ಸ್ ಲೈಬ್ರರಿಗೆ ಟೈಮ್‌ಔಟ್ (ಕಾಯುವ ಮಿತಿ) 10 ಎಂದು ಕೊಟ್ಟಿದ್ದೇನೆ. ಆದರೂ ಒಂದೊಂದು ಕಾಲ್ ನಾಲ್ಕೈದು ನಿಮಿಷ ಎಳೆಯುತ್ತದೆ. ಡಾಕ್ಯುಮೆಂಟೇಶನ್ ತಪ್ಪೋ, ಲೈಬ್ರರಿ ತಪ್ಪೋ? ಎರಡೂ ತಾಳೆಯಾಗದಿದ್ದಾಗ ಯಾವುದನ್ನು ನಂಬಬೇಕು?

ಉತ್ತರ: ನೀವು ಓದಿದ್ದು ಒಂದೇ ಪುಟ. ಎಪಿಐ ವಿವರಣೆಯಲ್ಲಿ, ಅಂದರೆ ಒಂದೊಂದು ಫಂಕ್ಷನ್‌ಗೆ ಏನೇನು ಕೊಡಬಹುದೆಂದು ಹೇಳುವ ಪುಟದಲ್ಲಿ, ಇರುವುದು ಸರ್ವರ್ ಡೇಟಾ ಕಳಿಸಲು ಎಷ್ಟು ಸೆಕೆಂಡ್ ಕಾಯಬೇಕು ಎಂಬಷ್ಟೇ. ಅದನ್ನು ಓದಿದವರು ‘ಹತ್ತು ಸೆಕೆಂಡಿಗೆ ಎಲ್ಲಾ ಮುಗಿಯಬೇಕು’ ಎಂದುಕೊಳ್ಳುತ್ತಾರೆ; ಓದಿದವರ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ. ಇದು ಇಡೀ ಡೌನ್‌ಲೋಡಿಗೆ ಹಾಕಿದ ಮಿತಿಯಲ್ಲ ಎಂಬ ಮಾತು ಆರಂಭಿಕರಿಗೆಂದು ಬರೆದ ಪುಟದಲ್ಲಿ ಸಣ್ಣ ಟಿಪ್ಪಣಿಯಾಗಿ ಕೂತಿದೆ. ಒಂದು ಹೆಸರಿಗೆ ಹಲವು ಐಪಿ ವಿಳಾಸಗಳಿದ್ದರೆ ಕನೆಕ್ಷನ್ ಟೈಮ್‌ಔಟ್ ಒಂದೊಂದು ವಿಳಾಸಕ್ಕೂ ಹೊಸದಾಗಿ ಶುರುವಾಗುತ್ತದೆ ಎಂಬುದು ಮುಂದುವರಿದ ಬಳಕೆಯ ಪುಟದಲ್ಲಿದೆ. ಮೂರು ಪುಟಗಳಲ್ಲಿ ಯಾವುದೂ ಸುಳ್ಳು ಹೇಳುತ್ತಿಲ್ಲ. ಮೂರನ್ನೂ ಒಟ್ಟಿಗೆ ಯಾರೂ ಓದುವುದಿಲ್ಲ, ಅಷ್ಟೇ.

ನನ್ನ ಮಾತನ್ನೂ ನಂಬಬೇಡಿ, ಮಾಡಿ ನೋಡಿ. ಹದಿನೈದು ಸಾಲಿನ ಒಂದು ಸರ್ವರ್ ಬರೆಯಿರಿ. ಮೊದಲು ಹೆಡರ್ (ಉತ್ತರದ ತಲೆಭಾಗ) ಕಳಿಸಲಿ, ಆಮೇಲೆ ಮೂರು ಸೆಕೆಂಡಿಗೆ ಒಂದರಂತೆ 20 ಬೈಟ್ ಕಳಿಸಲಿ. ಈಚೆಯಿಂದ ಟೈಮ್‌ಔಟ್ 5 ಎಂದು ಕೊಟ್ಟು ಕರೆಯಿರಿ. ಒಂದು ನಿಮಿಷ ಹಿಡಿಯುತ್ತದೆ, ಟೈಮ್‌ಔಟ್ ತುಟಿ ಪಿಟಕ್ಕೆನ್ನುವುದಿಲ್ಲ. ಪ್ರತಿ ಬೈಟ್ ಬಂದಾಗಲೂ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಅದು ಎಣಿಸುವುದು ಮೌನವನ್ನು, ಒಟ್ಟು ಹೊತ್ತನ್ನಲ್ಲ.

ಒಟ್ಟು ಮಿತಿ ಬೇಕೆಂದರೆ ಸ್ಟ್ರೀಮ್ ಮಾಡಿ, ಅಂದರೆ ಉತ್ತರವನ್ನು ತುಂಡು ತುಂಡಾಗಿ ಓದಿ, ನಡುನಡುವೆ ನೀವೇ ಸಮಯ ನೋಡಬೇಕು. ಆ ತುಂಡು (ಚಂಕ್) ಚಿಕ್ಕದಾಗಿರಲಿ. ದೊಡ್ಡದಿದ್ದರೆ ಅದು ತುಂಬುವವರೆಗೂ ನಿಮ್ಮ ಸರದಿಯೇ ಬಾರದಿರಬಹುದು. ನಾನಂತೂ ಹಣದ ಲೆಕ್ಕಕ್ಕೆ ಸಂಬಂಧಿಸಿದ ಕಾಲ್‌ಗಳನ್ನು ಬೇರೆ ಪ್ರಾಸೆಸ್‌ನಲ್ಲಿ ಓಡಿಸಿ, ಹೊತ್ತು ಮೀರಿದರೆ ಆ ಪ್ರಾಸೆಸ್ಸನ್ನೇ ಕೊಲ್ಲುತ್ತೇನೆ. ಹೇಡಿತನ ಅನ್ನಿ, ಬೇಜಾರಿಲ್ಲ.

‘ರೀಟ್ರೈ ಹಾಕಿ, ಸರಿಹೋಗುತ್ತೆ’ ಎಂದು ವಿಡಿಯೋ ಮಾಡುವ ಪಂಡಿತರಿದ್ದಾರೆ. ಅವರ ಮಾತು ಕೇಳಬೇಡಿ. ಟೈಮ್‌ಔಟ್ ಆಯಿತೆಂದರೆ ನಿಮಗೆ ಉತ್ತರ ಬರಲಿಲ್ಲ ಎಂದಷ್ಟೇ ಅರ್ಥ, ಆಚೆ ಕಡೆ ಕೆಲಸ ಆಗಲಿಲ್ಲ ಎಂದಲ್ಲ. ಎರಡನೇ ಸಲ ಕಳಿಸಿದ ಪೋಸ್ಟ್ (ಸರ್ವರ್‌ಗೆ ಡೇಟಾ ಒಪ್ಪಿಸುವ ಕೋರಿಕೆ) ಎರಡನೇ ಆರ್ಡರ್ ಆಗಬಹುದು.

ಒಂದು ಲೈಬ್ರರಿಯಲ್ಲಿ ಕಲಿತದ್ದು ಇನ್ನೊಂದರಲ್ಲಿ ನಡೆಯುತ್ತದೆ ಎಂಬ ಭ್ರಮೆಯೂ ಬೇಡ. ಇದೇ ಬಗೆಯ ಕೆಲಸ ಮಾಡುವ ಲಿಬ್‌ಕರ್ಲ್ ಲೈಬ್ರರಿಯ ಟೈಮ್‌ಔಟ್ ಇಡೀ ಕೆಲಸಕ್ಕೆ ಅನ್ವಯಿಸುತ್ತದೆ. ಗೋ ಭಾಷೆಯ ಎಚ್‌ಟಿಟಿಪಿ ಕ್ಲೈಂಟ್‌ನದೂ ಹಾಗೆಯೇ, ಬಾಡಿ (ಉತ್ತರದ ಮುಖ್ಯ ಭಾಗ) ಓದುವ ಹೊತ್ತನ್ನೂ ಸೇರಿಸಿಕೊಳ್ಳುತ್ತದೆ. ಇವೆರಡಕ್ಕೂ 0 ಕೊಟ್ಟರೆ ಮಿತಿಯೇ ಇಲ್ಲ. ನೆಟ್‌ವರ್ಕ್ ಸಂಪರ್ಕವನ್ನು ನೇರವಾಗಿ ನಡೆಸುವ ಪೈಥಾನ್‌ನ ಸಾಕೆಟ್‌ಗೆ ಅದೇ 0 ಕೊಡಿ, ಒಂದು ಕ್ಷಣವೂ ಕಾಯುವುದಿಲ್ಲ. ರಿಕ್ವೆಸ್ಟ್ಸ್‌ಗೆ 0 ಕೊಡಿ, ಎಕ್ಸೆಪ್ಶನ್ (ಕೆಲಸ ನಿಲ್ಲಿಸುವ ದೋಷಸೂಚನೆ) ಎಸೆಯುತ್ತದೆ; ಏನನ್ನೂ ಕೊಡದೆ ಬಿಡಿ, ಅನಂತಕಾಲ ಕಾಯುತ್ತದೆ. ಪೈಥಾನ್‌ನಲ್ಲಿ ಸೆಕೆಂಡ್, ಜಾವಾಸ್ಕ್ರಿಪ್ಟ್‌ನಲ್ಲಿ ಮಿಲಿಸೆಕೆಂಡ್. ಹೆಸರು ಒಂದೇ, ಸ್ವಭಾವ ಒಂದೊಂದರದೂ ಬೇರೆ.

ಈಗ ಯಾವುದನ್ನು ನಂಬಬೇಕೆಂಬ ಪ್ರಶ್ನೆ. ಡಾಕ್ಯುಮೆಂಟೇಶನ್ ಕೊಟ್ಟ ಮಾತು. ಲೈಬ್ರರಿಯ ನಡವಳಿಕೆ ಇವತ್ತಿನ ಸಂಗತಿ. ಕೊಟ್ಟ ಮಾತಿನಂತೆ ನಡೆಯದಿದ್ದರೆ ಅದು ಬಗ್, ದೂರು ಕೊಡಿ. ಮಾತೇ ಕೊಟ್ಟಿಲ್ಲವೆಂದರೆ, ಎಷ್ಟು ವರ್ಷ ಸರಿಯಾಗಿ ನಡೆದಿದ್ದರೂ ನಾಳೆ ಕೇಳಲು ನಿಮಗೆ ಹಕ್ಕಿಲ್ಲ. ‘ನಾನು ಟೆಸ್ಟ್ ಮಾಡಿ ನೋಡಿದೆ, ಸರಿ ಇತ್ತು’ ಎನ್ನುವವರಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಸಾರ್ಟ್‌ನ ಕಥೆ ಹೇಳುತ್ತೇನೆ. ಸಮಾನ ಅಂಶಗಳ ಮೂಲ ಕ್ರಮ ಉಳಿಯುತ್ತದೆ ಎಂದು ಅದರ ಸ್ಟ್ಯಾಂಡರ್ಡ್ 2019ರವರೆಗೆ ಭರವಸೆ ಕೊಟ್ಟಿರಲಿಲ್ಲ. ಕ್ರೋಮ್ ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ ಆಗ 10 ಅಂಶಗಳವರೆಗಿನ ಅರೇಗೆ (ಪಟ್ಟಿಗೆ) ಇನ್‌ಸರ್ಶನ್ ಸಾರ್ಟ್ ಎಂಬ ವಿಧಾನ ಬಳಸುತ್ತಿತ್ತು, ಕ್ರಮ ಉಳಿಯುತ್ತಿತ್ತು. ಹನ್ನೊಂದನೆಯದು ಸೇರಿದ ಕೂಡಲೇ ಕ್ವಿಕ್‌ಸಾರ್ಟ್ ಎಂಬ ಬೇರೆ ವಿಧಾನ, ಕ್ರಮಕ್ಕೆ ಖಾತರಿಯಿಲ್ಲ. ಐದು ಸಾಲಿನ ಡೇಟಾ ಇಟ್ಟುಕೊಂಡು ಟೆಸ್ಟ್ ಬರೆದವರೆಲ್ಲ ಪಾಸಾದರು. ಪ್ರೊಡಕ್ಷನ್‌ನಲ್ಲಿ, ಅಂದರೆ ನಿಜವಾದ ಬಳಕೆಯಲ್ಲಿ, ಪಟ್ಟಿ ತನ್ನಷ್ಟಕ್ಕೆ ಹಿಂದುಮುಂದಾಗುತ್ತಿತ್ತು.

ಮಾತು ಕೊಟ್ಟಿದ್ದರೂ ಓದದವರ ಕಥೆಯೂ ಇದೆ. ಸಿ ಭಾಷೆಯಲ್ಲಿ ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ಡೇಟಾ ನಕಲಿಸುವ ಮೆಮ್‌ಕಾಪಿಯ ಮೂಲ ಮತ್ತು ಗುರಿ ಜಾಗಗಳು ಒಂದರ ಮೇಲೊಂದು ಬರಬಾರದು ಎಂದು ಮ್ಯಾನ್ಯುಯಲ್ ಮೊದಲಿಂದಲೂ ಹೇಳುತ್ತಿತ್ತು. ಬ್ರೌಸರ್‌ನಲ್ಲಿ ವಿಡಿಯೋ ಓಡಿಸುತ್ತಿದ್ದ ಅಡೋಬಿ ಫ್ಲ್ಯಾಷ್ ಅದನ್ನು ಮೀರಿತ್ತು, ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಹಳೆಯ ರೂಪ ಸಹಿಸಿಕೊಂಡಿತ್ತು. 2010ರಲ್ಲಿ ಮೆಮ್‌ಕಾಪಿಯನ್ನು ಚುರುಕಾಗಿಸಿ ಬರೆದರು, ಫೆಡೋರಾ 14 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಫ್ಲ್ಯಾಷ್‌ನ ಧ್ವನಿ ಕರಕರ ಎನ್ನತೊಡಗಿತು. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್, ಬಳಕೆದಾರನಿಗೆ ಕೆಟ್ಟಂತೆ ಕಂಡರೆ ಅದು ಕೆಟ್ಟದ್ದೇ ಎಂಬ ಧಾಟಿಯಲ್ಲಿ ಜಿಲಿಬ್‌ಸಿಯವರನ್ನೇ ತರಾಟೆಗೆ ತೆಗೆದುಕೊಂಡರು. ಬಳಕೆದಾರನಾಗಿ ನನಗೂ ಅವರ ವಾದ ಹಿಡಿಸುತ್ತದೆ. ಆದರೆ ನಿಮ್ಮ ಪರವಾಗಿ ಜಗಳ ಆಡಲು ಟೋರ್ವಾಲ್ಡ್ಸ್ ಬರುವುದಿಲ್ಲ. ಗೋ ಭಾಷೆಯವರು ಈ ಗೊಡವೆಯೇ ಬೇಡವೆಂದು ಮ್ಯಾಪ್‌ನ (ಹೆಸರು-ಮೌಲ್ಯ ಜೋಡಿಗಳ ಸಂಗ್ರಹದ) ಅಂಶಗಳು ಒಂದೊಂದಾಗಿ ಸಿಗುವ ಕ್ರಮವನ್ನು ಬೇಕೆಂದೇ ಕಲಸಿಹಾಕಿದ್ದಾರೆ. ಭರವಸೆ ಇಲ್ಲದ್ದನ್ನು ನಂಬಿದವನಿಗೆ ಮೊದಲ ದಿನವೇ ಪೆಟ್ಟು ಬೀಳುತ್ತದೆ. ನನಗೆ ಬಹಳ ಇಷ್ಟವಾದ ಕ್ರೌರ್ಯ ಇದು.

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ಎಡವಿದ್ದೇನೆ. ಒಂದು ಲೈಬ್ರರಿಯ ವಿವರಣೆಯಲ್ಲಿ ‘ಸಿಗದಿದ್ದರೆ ನಲ್’ (ಏನೂ ಇಲ್ಲ ಎಂಬ ಮೌಲ್ಯ) ಎಂದಿತ್ತು, ಅದೇ ಪುಟದ ಉದಾಹರಣೆಯಲ್ಲಿ ಎಕ್ಸೆಪ್ಶನ್ ಹಿಡಿಯುತ್ತಿದ್ದರು. ವಿವರಣೆಯನ್ನು ನಂಬಿದೆ. ರಾತ್ರಿ ಎರಡಕ್ಕೆ ಫೋನ್ ಬಂತು. ಅಂದಿನಿಂದ, ಡಾಕ್ಯುಮೆಂಟೇಶನ್ ಅಡ್ಡಗೋಡೆ ಮೇಲೆ ದೀಪ ಇಟ್ಟ ಕಡೆಯಲ್ಲೆಲ್ಲ ಸಣ್ಣದೊಂದು ಟೆಸ್ಟ್ ಬರೆದು ನಮ್ಮ ರೆಪೊದಲ್ಲೇ (ಕೋಡ್ ಇಡುವ ಸಂಗ್ರಹದಲ್ಲೇ) ಇಡುತ್ತೇನೆ. ಅದು ಪರೀಕ್ಷಿಸುವುದು ನನ್ನ ಕೋಡನ್ನಲ್ಲ, ಆ ಲೈಬ್ರರಿಯ ಬಗ್ಗೆ ನನಗಿರುವ ಊಹೆಯನ್ನು. ವರ್ಷನ್ ಏರಿಸಿದಾಗ ಆ ಟೆಸ್ಟ್ ಕೆಂಪಾದರೆ, ಅಂದರೆ ಫೇಲಾದರೆ, ಫೋನ್ ಬರುವ ಮೊದಲೇ ಗೊತ್ತಾಗುತ್ತದೆ.

ಪ್ರಶ್ನೆ: ‘ಒಳ್ಳೆಯ ಕೋಡೇ ಡಾಕ್ಯುಮೆಂಟೇಶನ್’ ಎನ್ನುತ್ತಾರೆ ನಮ್ಮ ಟೀಮ್ ಲೀಡ್. ಹೌದೇ?

ಉತ್ತರ: ಅಲ್ಲ. ಕೋಡ್ ಏನು ಮಾಡುತ್ತಿದೆ ಎಂಬುದು ಕೋಡ್‌ನಲ್ಲಿದೆ, ಅದರಲ್ಲಿ ಯಾವುದು ಬೇಕೆಂದು ಮಾಡಿದ್ದು, ಯಾವುದು ಆಕಸ್ಮಿಕ ಎಂಬುದು ಇಲ್ಲ.

ಪ್ರಶ್ನೆ: ಬಿಟ್ಟುಹೋದ ಭಾಗಗಳನ್ನು ಎಐ ಕೈಲಿ ಬರೆಸಿದರೆ ಹೇಗೆ?

ಉತ್ತರ: ಈಗ ಗುಂಡಿ ಕಣ್ಣಿಗಾದರೂ ಕಾಣುತ್ತಿದೆ. ಅದರ ಮೇಲೆ ಚಂದದ ಚಾಪೆ ಹಾಸಬೇಡಿ.

ಪ್ರಶ್ನೆ: ಡಾಕ್ಯುಮೆಂಟೇಶನ್‌ನಲ್ಲಿರುವ ಉದಾಹರಣೆಯೇ ಓಡುವುದಿಲ್ಲ!

ಉತ್ತರ: ಪುಟದ ವರ್ಷನ್ ಯಾವುದು, ನಿಮ್ಮಲ್ಲಿರುವುದು ಯಾವುದು, ನೋಡಿದಿರಾ? ನೋಡಿಲ್ಲ ಎಂದು ಪತ್ರದಲ್ಲೇ ಗೊತ್ತಾಗುತ್ತಿದೆ.

ಪ್ರಶ್ನೆ: ನಮ್ಮದೇ ಲೈಬ್ರರಿ ಇದೆ. ಡಾಕ್ಯುಮೆಂಟೇಶನ್ ಸರಿಪಡಿಸಲು ಎಲ್ಲಿಂದ ಶುರು ಮಾಡಲಿ? ಮುನ್ನುಡಿ ಬರೆಯುತ್ತಿದ್ದೇನೆ.

ಉತ್ತರ: ಮುನ್ನುಡಿ ನಿಲ್ಲಿಸಿ. ಪ್ರತಿ ಫಂಕ್ಷನ್‌ಗೂ 0, ಖಾಲಿ ಸ್ಟ್ರಿಂಗ್, ನಲ್ ಕೊಟ್ಟರೆ ಏನಾಗುತ್ತದೆ, ಸಂಖ್ಯೆಯ ಅಳತೆ ಸೆಕೆಂಡೋ ಮಿಲಿಸೆಕೆಂಡೋ, ಯಾವ ಎಕ್ಸೆಪ್ಶನ್ ಬರಬಹುದು, ಇಷ್ಟನ್ನು ಮೊದಲು ಬರೆಯಿರಿ. ರಸ್ಟ್ ಭಾಷೆಯವರು ಎರರ್ ಯಾವಾಗ, ಪ್ಯಾನಿಕ್ (ಮುಂದುವರಿಯಲಾಗದೆ ಕೆಲಸ ನಿಂತುಹೋಗುವುದು) ಯಾವಾಗ ಎಂಬುದಕ್ಕೆ ಬೇರೆ ಬೇರೆ ತಲೆಬರಹವನ್ನೇ ರೂಢಿ ಮಾಡಿಕೊಂಡಿದ್ದಾರೆ, ಕದಿಯಿರಿ. ಉದಾಹರಣೆಗಳನ್ನು ಟೆಸ್ಟ್ ಜೊತೆಗೇ ಓಡಿಸಿ. ಪೈಥಾನ್‌ನಲ್ಲಿ ಅದಕ್ಕೆಂದೇ ಡಾಕ್‌ಟೆಸ್ಟ್ 2001ರಿಂದ ಇದೆ. ನಿಮಗೇ ಉತ್ತರ ಗೊತ್ತಿಲ್ಲದ ಕಡೆ ‘ಇದಕ್ಕೆ ಭರವಸೆ ಇಲ್ಲ’ ಎಂದು ಬರೆಯಿರಿ. ಮೂರೇ ಪದ, ನನಗೆ ಬರುವ ಪತ್ರ ಒಂದು ಕಡಿಮೆಯಾಗುತ್ತದೆ.